ಹಿತ್ತಲ ಗಿಡಕ್ಕೆ ಸ್ಟಾಲ್ ಇಲ್ಲ

ನಮ್ಮಲ್ಲಿ ವೈದ್ಯರಾದವರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಹೊಸದೇನಾದರೂ ಕಲಿಯಬೇಕು ಎಂದು 2002ರ ವೈದ್ಯ ವೃತ್ತಿಯ ನೀತಿ ನಿಯಮಾವಳಿ ಹೇಳುತ್ತದೆ. ಅಂದರೆ ವರ್ಷಕ್ಕೆ ಆರು ಗಂಟೆ, ತಿಂಗಳಿಗೆ ಅರ್ಧ ಗಂಟೆ. ವೈದ್ಯಶಾಸ್ತ್ರ ಇಷ್ಟು ನಿಧಾನಕ್ಕೆ ನಡೆಯುತ್ತಿದೆ ಎಂದು ತಿಳಿದು ರೋಗಿಗಳಾದ ನಾವು ನೆಮ್ಮದಿಯಿಂದ ಮಲಗಬಹುದು. ಆ ಅರ್ಧ ಗಂಟೆಯೂ ಯಾರಿಗೂ ಹೊರೆಯಾಗದಿರಲಿ ಎಂದು ವರ್ಷದ್ದನ್ನೆಲ್ಲ ಕೂಡಿಸಿ, ಒಂದು ಭಾನುವಾರ ತಾರಾ ಹೋಟೆಲಿನಲ್ಲಿ ಮುಗಿಸಿಬಿಡುವ ಏರ್ಪಾಡಿದೆ. ಅದಕ್ಕೆ ಸಿಎಂಇ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣ, ಎನ್ನುತ್ತಾರೆ. ಹಾಜರಾದವರಿಗೆ ಕ್ರೆಡಿಟ್ ಅವರ್ ಸಿಗುತ್ತದೆ. ಕಲಿತವರಿಗೆ ಏನು ಸಿಗುತ್ತದೆ ಎಂಬುದನ್ನು ನಿಯಮಾವಳಿ ಹೇಳಿಲ್ಲ.

ಸಿಎಂಇಗಳಲ್ಲೆಲ್ಲ ವೈಭವದ್ದು ಬಸುರಿ ಮತ್ತು ಭ್ರೂಣದ ಹೆಸರಿನಲ್ಲಿ ನಡೆಯುವಂಥದ್ದು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕ್ಷಯದ ರೋಗಿಗೆ ಸರ್ಕಾರವೇ ಮಾತ್ರೆ ಕೊಡುತ್ತದೆ. ಸಕ್ಕರೆ ಕಾಯಿಲೆಯವನು ಮೆಡಿಕಲ್ ಶಾಪಿನ ಮುಂದೆ ನಿಂತು ‘ಹದಿನೈದು ಬೇಡ, ಸದ್ಯಕ್ಕೆ ಐದು ಕೊಡಿ’ ಎನ್ನುತ್ತಾನೆ. ಬಸುರಿಯ ಮನೆಯವರು ಹಾಗಲ್ಲ, ಅವರು ಚೌಕಾಸಿಯನ್ನೇ ಮಾಡುವುದಿಲ್ಲ. ‘ಮಗುವಿಗೆ ಒಳ್ಳೇದು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅತ್ತೆ ಪರ್ಸ್ ತೆಗೆಯುವ ಹೊತ್ತಿಗೆ ಗಂಡ ಫೋನ್‌ಪೇ ಮಾಡಿ ಮುಗಿಸಿರುತ್ತಾನೆ. ಕಾಯಿಲೆಯೇ ಇಲ್ಲದ ಗಿರಾಕಿ, ಒಂಬತ್ತು ತಿಂಗಳ ಖಾತ್ರಿ ವ್ಯಾಪಾರ. ಮಗು ದುಂಡಗೆ ಹುಟ್ಟಿದರೆ ಕೀರ್ತಿ ಪ್ರೋಟೀನ್ ಪುಡಿಯ ಡಬ್ಬಕ್ಕೆ, ಹುಟ್ಟದಿದ್ದರೆ ಹಣೆಬರಹಕ್ಕೆ.

ಒಂಬತ್ತು ಗಂಟೆಗೆ ಉದ್ಘಾಟನೆ ಎಂದು ಆಹ್ವಾನದಲ್ಲಿ ಅಚ್ಚಾಗಿರುತ್ತದೆ. ಮುಖ್ಯ ಅತಿಥಿಗೆ ಆ ದಿನವೂ ಒಂದು ಸಿಸೇರಿಯನ್ ಇರುವುದರಿಂದ ಹತ್ತೂವರೆ ಆಗುತ್ತದೆ. ದೀಪಕ್ಕೆ ಬತ್ತಿ ಐದು, ಬೆಳಗಲು ವೇದಿಕೆ ಮೇಲೆ ಒಂಬತ್ತು ಜನ. ಆಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ‘ಎರಡೇ ಮಾತು’ ಎಂದು ಮೈಕ್ ಹಿಡಿದ ಹಿರಿಯರು ತಾವು ಹೌಸ್ ಸರ್ಜನ್ ಆಗಿದ್ದ ಕಾಲಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತಾರೆ. ಇವೆಲ್ಲವೂ ಕ್ರೆಡಿಟ್ ಅವರ್ ಲೆಕ್ಕದೊಳಗೇ ಬರುತ್ತವೆ.

ಅನಂತರ ವಿದ್ಯೆ ಶುರು. ಉಪನ್ಯಾಸಗಳ ಪಟ್ಟಿ ಓದಿದರೆ ರಾಜ್ಯದ ಬಸುರಿಯರಿಗೆಲ್ಲ ಕಬ್ಬಿಣದ ಮಾತ್ರೆ ತಲುಪಿ ಆಗಿದೆ, ಬಿ.ಪಿ. ನೋಡಿಸಿಯಾಗಿದೆ, ಇನ್ನು ಉಳಿದಿರುವುದು ವಂಶವಾಹಿಗಳನ್ನು ಜಾಲಾಡುವುದೊಂದೇ ಎಂಬ ಭಾವನೆ ಬರುತ್ತದೆ. ತಾಯಿಯ ರಕ್ತದಲ್ಲೇ ಭ್ರೂಣದ ಡಿಎನ್‌ಎ ಹಿಡಿಯುವ ಪರೀಕ್ಷೆ, ಮಗುವಿನ ಆಕಳಿಕೆ ತೋರಿಸುವ ಫೋರ್ ಡಿ ಸ್ಕ್ಯಾನ್, ಗರ್ಭದೊಳಗೇ ಮಾಡುವ ಶಸ್ತ್ರಚಿಕಿತ್ಸೆ. ಇವು ಬೇಡದ ವಿದ್ಯೆಗಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದನೇ ವಾರದಿಂದ ಹದಿನಾಲ್ಕನೆಯದು ತುಂಬುವುದರೊಳಗೆ ಎನ್‌ಟಿ ಸ್ಕ್ಯಾನ್, ಇಪ್ಪತ್ತನೇ ವಾರದ ಆಸುಪಾಸಿನಲ್ಲಿ ಅನಾಮಲಿ ಸ್ಕ್ಯಾನ್ ಇವೆರಡನ್ನು ನುರಿತವರು ಮಾಡಿದರೆ ಗಂಭೀರ ದೋಷಗಳು ಸಕಾಲಕ್ಕೆ ತಿಳಿಯುತ್ತವೆ, ಮುಂದೇನು ಎಂದು ದಂಪತಿ ಯೋಚಿಸಲು ಕಾನೂನಿನ ಅವಕಾಶವೂ ಉಳಿದಿರುತ್ತದೆ. ತಕರಾರು ವಿದ್ಯೆಯ ಮೇಲಲ್ಲ. ಯಂತ್ರ ಮಾರುವವನು ಹಾಲಿನ ಹೊರಗೆ ಸ್ಟಾಲ್ ಹಾಕಿದ್ದರೆ ಮಾತ್ರ ಆ ಯಂತ್ರದ ವಿದ್ಯೆ ಹಾಲಿನ ಒಳಗೆ ಬರುತ್ತದಲ್ಲ, ಅದರ ಮೇಲೆ.

ಯಂತ್ರದ ಮಾತು ಬಂತು. ಕ್ರೆಡಿಟ್ ಅವರ್‌ನ ಆಸೆಯಿಲ್ಲದೆ ಸ್ಕ್ಯಾನ್ ಮಾಡಿದವರೂ ನಮ್ಮಲ್ಲಿದ್ದಾರೆ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1994ರಲ್ಲಿ. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಒಂದು ಜಾಲ ಹಿಡಿದಾಗ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾಯಿತು. ಬಂಧಿತರಲ್ಲಿ ವೈದ್ಯರೂ ಇದ್ದರು. ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ ಎಂದು ಪೊಲೀಸರು ಲೆಕ್ಕ ಹೇಳಿದರು. ಅತ್ತ ಕಾನೂನು ಪಾಲಿಸುವ ವೈದ್ಯರು ಸಿಎಂಇಯಲ್ಲಿ ಕುಳಿತು, ಬಸುರಿಯ ಪ್ರತಿ ಸ್ಕ್ಯಾನಿಗೂ ಆ ಕಾಯ್ದೆಯಡಿ ತುಂಬಬೇಕಾದ ಎಫ್ ಫಾರ್ಮಿನಲ್ಲಿ ಯಾವ ಕಲಂ ಖಾಲಿ ಬಿಟ್ಟರೆ ಯಂತ್ರಕ್ಕೆ ಸೀಲ್ ಬೀಳುತ್ತದೆ ಎಂಬುದನ್ನು ಬರೆದುಕೊಳ್ಳುತ್ತಿದ್ದರು. ಆಲೆಮನೆಯಲ್ಲಿ ಎಫ್ ಫಾರ್ಮ್ ತುಂಬುವ ರಗಳೆ ಇರಲಿಲ್ಲ.

ಊಟದ ಹೊತ್ತಿಗೆ ಸ್ಟಾಲ್‌ಗಳ ಸಾಲು ಜೀವ ಪಡೆಯುತ್ತದೆ. ಪ್ರತಿ ಸ್ಟಾಲಿನಲ್ಲೂ ಟೈ ಕಟ್ಟಿದ, ಔಷಧ ಕಂಪನಿಯ ಎಂ.ಆರ್. ಹುಡುಗ. ಬಡಪಾಯಿ, ಅವನ ಟಾರ್ಗೆಟ್ ಅವನಿಗೆ. ಬಸುರಿಗೆ ಯಾವ ಮಾತ್ರೆ ಏತಕ್ಕೆ ಎಂಬ ಪಾಠ ನಿಜವಾಗಿ ನಡೆಯುವುದು ಇಲ್ಲಿ. ಪ್ರೊಜೆಸ್ಟರಾನ್ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮೂರುಗಳಲ್ಲಿ ಗರ್ಭ ನಿಂತಿತು ಎಂದು ಗೊತ್ತಾದ ದಿನವೇ ಅದು ‘ಗಟ್ಟಿಯಾಗಿ ನಿಲ್ಲಲಿ’ ಎಂದು ಈ ಮಾತ್ರೆ ಬರೆದುಕೊಡುವುದು ತಾಯತ ಕಟ್ಟಿದಷ್ಟೇ ಸಹಜ. ಪದೇ ಪದೇ ಗರ್ಭ ಜಾರುತ್ತಿದ್ದ ಹೆಂಗಸರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನದಲ್ಲಿ ಈ ಔಷಧದಿಂದ ಲಾಭ ಕಾಣಲಿಲ್ಲ. ಗರ್ಭದ ಆರಂಭದಲ್ಲಿ ರಕ್ತಸ್ರಾವ ಕಂಡ ನಾಲ್ಕು ಸಾವಿರಕ್ಕೂ ಹೆಚ್ಚು ಬ್ರಿಟನ್ ಮಹಿಳೆಯರ ಮೇಲೆ ನಡೆದ 2019ರ ಪ್ರಿಸಮ್ ಅಧ್ಯಯನದಲ್ಲೂ ಒಟ್ಟಾರೆ ಗುಣ ಸಾಬೀತಾಗಲಿಲ್ಲ. ಹಿಂದೆಯೂ ಗರ್ಭಪಾತವಾಗಿ ಈಗಲೂ ರಕ್ತ ಕಾಣಿಸಿಕೊಂಡವರಿಗೆ ಮಾತ್ರ ಒಂದಿಷ್ಟು ಅನುಕೂಲ ಕಂಡಿತು. ಅಂದರೆ ಔಷಧಕ್ಕೆ ಒಂದು ಸಣ್ಣ, ಸ್ಪಷ್ಟ ಜಾಗವಿದೆ. ಸಣ್ಣ ಜಾಗದಲ್ಲಿ ವ್ಯಾಪಾರ ಹೇಗೆ ಹಿಡಿಸೀತು? ಅದಕ್ಕೇ ಎಲ್ಲರಿಗೂ ಒಂದೊಂದು ಸ್ಟ್ರಿಪ್, ಜೊತೆಗೆ ಮೂರು ತಿಂಗಳು ಮಂಚ ಬಿಟ್ಟು ಏಳಬೇಡಿ ಎಂಬ ಉಚಿತ ಸಲಹೆ. ಮಲಗಿದರೆ ಗರ್ಭ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಮಲಗಿದ ಹೆಂಗಸು ಕೇಳುವ ಪ್ರಶ್ನೆಗಳು ಕಡಿಮೆಯಾಗುತ್ತವೆ ಎಂಬುದು ಮಾತ್ರ ಅನುಭವಸಿದ್ಧ.

ಊಟವಾದ ಮೇಲೆ ಹಾಲಿನಲ್ಲಿ ಉಳಿಯುವವರು ಮುಂದಿನ ಉಪನ್ಯಾಸಕರು, ಅವರ ಸ್ಲೈಡ್ ಹಾಕುವ ಹುಡುಗ, ಮತ್ತು ಎ.ಸಿ. ತಂಪಿಗೆ ಕಣ್ಣು ಹತ್ತಿದ ಒಂದಿಬ್ಬರು ಪಿ.ಜಿ. ವಿದ್ಯಾರ್ಥಿಗಳು. ಹಾಜರಿ ಪುಸ್ತಕದಲ್ಲಿ ಮಾತ್ರ ಸಂಜೆ ಐದರವರೆಗೆ ಹಾಲ್ ತುಂಬಿ ತುಳುಕಿರುತ್ತದೆ.

ಹಾಗಾದರೆ ಇದನ್ನೆಲ್ಲ ಕೇಳುವವರಿಲ್ಲವೆ? ಇದ್ದಾರೆ, ತಕ್ಕಮಟ್ಟಿಗೆ ಕೇಳಿದ್ದಾರೆ ಕೂಡ. 2009ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ, ಔಷಧ ಕಂಪನಿಗಳಿಂದ ವೈದ್ಯರು ಉಡುಗೊರೆ ಪಡೆಯಬಾರದು, ಅವರ ಖರ್ಚಿನಲ್ಲಿ ಸಮ್ಮೇಳನ, ಸಿಎಂಇಗಳಿಗೆ ಪ್ರಯಾಣ ಮಾಡಬಾರದು ಎಂದು ನಿಯಮ ತಂದಿತು. ವೈದ್ಯರಿಗೂ ವೈದ್ಯರ ಸಂಘಗಳಿಗೂ ಇದು ಅನ್ವಯ ಎಂದಿತ್ತು. 2016ರಲ್ಲಿ ಆ ‘ವೈದ್ಯರ ಸಂಘಗಳಿಗೂ’ ಎಂಬ ಮಾತನ್ನು ಸದ್ದಿಲ್ಲದೆ ತೆಗೆದರು. ಒಬ್ಬೊಬ್ಬರೇ ತೆಗೆದುಕೊಂಡರೆ ಆಮಿಷ, ಎಲ್ಲರೂ ಕೂಡಿ ತೆಗೆದುಕೊಂಡರೆ ಶೈಕ್ಷಣಿಕ ಅನುದಾನ. ಸಹಕಾರ ತತ್ತ್ವವನ್ನು ಇಷ್ಟು ಚೆನ್ನಾಗಿ ನಮ್ಮ ಹಾಲಿನ ಡೇರಿಗಳೂ ಅರಗಿಸಿಕೊಂಡಿರಲಿಲ್ಲ.

ಕಂಪನಿಗಳ ವಾದ ಇನ್ನೂ ಸೊಗಸು. ನಿಯಮ ಇರುವುದು ತೆಗೆದುಕೊಳ್ಳುವ ವೈದ್ಯರಿಗೆ, ಕೊಡುವ ನಮಗಲ್ಲ. ಆದ್ದರಿಂದ ಕೊಟ್ಟದ್ದನ್ನು ವ್ಯಾಪಾರದ ಖರ್ಚು ಎಂದು ಪರಿಗಣಿಸಿ ತೆರಿಗೆ ವಿನಾಯಿತಿ ಕೊಡಿ ಎಂದು ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಪೌಷ್ಟಿಕ ಮಾತ್ರೆಯ ಬಗ್ಗೆ ‘ಅರಿವು ಮೂಡಿಸಲು’ ವೈದ್ಯರಿಗೆ ಹಂಚಿದ ಉಡುಗೊರೆಗಳ ಲೆಕ್ಕ ಸುಮಾರು 4.72 ಕೋಟಿ ರೂಪಾಯಿ. 2022ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆಗದು ಎಂದಿತು. ಚಿನ್ನದ ನಾಣ್ಯ, ಫ್ರಿಜ್, ಟಿ.ವಿ., ವಿದೇಶ ಪ್ರವಾಸ, ವೈದ್ಯಕೀಯ ಸಮ್ಮೇಳನದ ಖರ್ಚು, ಇಂಥವೆಲ್ಲ ಕೊನೆಗೆ ಔಷಧದ ಬೆಲೆಯೊಳಗೆ ಸೇರಿ ರೋಗಿಯ ತಲೆಗೇ ಬರುತ್ತವೆ ಎಂದು ತೀರ್ಪಿನಲ್ಲಿ ವಿವರಿಸಿತು. ಅಂದರೆ ಡಾಕ್ಟರ ಮನೆಯ ಫ್ರಿಜ್ಜಿನ ತಣ್ಣೀರಿನಲ್ಲಿ ನಮ್ಮ ಪಾಲೂ ಇದೆ. ಕೇಳಿದರೆ ಒಂದು ಲೋಟ ಕೊಡಬಹುದು.

2023ರ ಆಗಸ್ಟ್ 2ರಂದು, ವೈದ್ಯಕೀಯ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಗಟ್ಟಿಯಾದ ನಿಯಮ ಹೆತ್ತಿತು. ಕಂಪನಿಗಳು ನೇರವಾಗಿಯೋ ಬಳಸಿಯೋ ಪ್ರಾಯೋಜಿಸುವ ಸಿಎಂಇ, ಕಾರ್ಯಾಗಾರಗಳಿಗೆ ವೈದ್ಯರು ಹೋಗಲೇಬಾರದು ಎಂಬುದು ಅದರಲ್ಲಿತ್ತು. ಜೆನೆರಿಕ್ ಹೆಸರಿನಲ್ಲೇ ಔಷಧ ಬರೆಯಬೇಕೆಂಬ ಷರತ್ತೂ ಇತ್ತು. ಕೂಗಾಟ ಎದ್ದಿತು. ಆಗಸ್ಟ್ 23ಕ್ಕೆ ನಿಯಮಗಳನ್ನು ತಡೆಹಿಡಿಯಲಾಯಿತು. ಇಪ್ಪತ್ತೊಂದು ದಿನದ ಕೂಸು. ಅಕಾಲಿಕವಾಗಿ ಹುಟ್ಟಿದ್ದನ್ನು ಉಳಿಸಿಕೊಳ್ಳುವ ವಿದ್ಯೆಯಲ್ಲಿ ನಮ್ಮ ವೈದ್ಯರು ನಿಪುಣರೇ, ಇದೊಂದರಲ್ಲಿ ಯಾಕೋ ಯಾರೂ ಇನ್‌ಕ್ಯುಬೇಟರ್ ಹತ್ತಿರ ಸುಳಿಯಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಕೇಂದ್ರದ ಔಷಧ ಇಲಾಖೆ ಕಂಪನಿಗಳಿಗೆ ಒಂದು ಸಂಹಿತೆ ಕಳಿಸಿತು: ವಿದೇಶದಲ್ಲಿ ಸಿಎಂಇ ಕೂಡದು, ವೈದ್ಯರಿಗೆ ಕೊಡುವ ಡೈರಿ, ಕ್ಯಾಲೆಂಡರಿನಂಥವು ಒಂದೊಂದೂ ಸಾವಿರ ರೂಪಾಯಿ ದಾಟಕೂಡದು. ಮುರಿದವರ ಮೇಲೆ ದೂರು ಕೊಡಬೇಕಾದದ್ದು ಔಷಧ ಕಂಪನಿಗಳ ಸಂಘದೊಳಗೇ ಇರುವ ನೀತಿ ಸಮಿತಿಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಗೇ ಅರ್ಜಿ ಹಾಕಿ.

ಇನ್ನು ತಾರಾ ಹೋಟೆಲಿನ ಹಾಲಿನೊಳಗೆ ಬಾರದ ವಿದ್ಯೆಯ ಕಥೆ. ಇದು ನಮ್ಮದೇ ಬೆಳಗಾವಿಯದು.

ಹೆರಿಗೆಯಾದ ಮೇಲೆ ತಾಯಂದಿರು ಸಾಯುವುದಕ್ಕೆ ದೊಡ್ಡ ಕಾರಣ ರಕ್ತಸ್ರಾವ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಫ್ರಿಜ್ ಬೇಕು. ಡಾಕ್ಟರ ಮನೆಗೆ ಬಂದ ಫ್ರಿಜ್ ಹಳ್ಳಿಯ ಉಪಕೇಂದ್ರಕ್ಕೆ ಬಂದಿರಲಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಫ್ರಿಜ್ಜೂ ಸಿರಿಂಜೂ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಗಳಲ್ಲಿ ಪರೀಕ್ಷಿಸಿದರು. 1,620 ಹೆಂಗಸರು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು, ರಕ್ತ ಅಳೆದವರು ಎಎನ್‌ಎಂ ಸಿಸ್ಟರ್‌ಗಳು. ಅತಿಯಾದ ರಕ್ತಸ್ರಾವ ನೂರಕ್ಕೆ ಹನ್ನೆರಡರಿಂದ ಆರು ಚಿಲ್ಲರೆಗೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು.

ಆ ಕೆಲಸಕ್ಕೆಂದು ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡಿದ್ದರು. ಬಾಣಂತಿಯ ಕೆಳಗೆ ಹಾಸುವ ಹಾಳೆ, ತುದಿಯಲ್ಲಿ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆ. ರಕ್ತ ಎಷ್ಟು ಹೋಯಿತು ಎಂದು ಗೆರೆ ನೋಡಿದರೆ ತಿಳಿಯುತ್ತದೆ. ಇದರಲ್ಲಿ ಏನು ಮಹಾ ಎನ್ನಬೇಡಿ. ಆವರೆಗೆ ವೈದ್ಯರು ಅಳೆಯುತ್ತಿದ್ದದ್ದು ಕಣ್ಣಂದಾಜಿನಲ್ಲಿ, ಈಗಲೂ ಬಹುಪಾಲು ಕಡೆ ಹಾಗೆಯೇ. ಹಾಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಕಣ್ಣಂದಾಜು ಮೂರರಲ್ಲೊಂದು ಪಾಲು ಕಡಿಮೆ ಹೇಳುತ್ತಿತ್ತು. ಮಗುವಿನ ಡಿಎನ್‌ಎಯನ್ನು ತಾಯಿಯ ರಕ್ತದ ಹನಿಗಳಲ್ಲಿ ಹುಡುಕಬಲ್ಲ ಶಾಸ್ತ್ರಕ್ಕೆ, ಅದೇ ತಾಯಿಯ ರಕ್ತ ಅರ್ಧ ಲೀಟರ್ ನೆಲಕ್ಕೆ ಹೋದದ್ದು ಕಾಣುತ್ತಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲವಷ್ಟೆ. ಹಾಳೆ ಆಫ್ರಿಕಕ್ಕೆ ಹೋಯಿತು. ಕೆನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ, ಇಂಥ ಗೆರೆ ಹಾಕಿದ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಹಿಡಿದು, ಗೊತ್ತಿರುವ ಔಷಧಗಳನ್ನೇ ಒಟ್ಟಿಗೆ ಕೊಟ್ಟು ನೋಡಿದರು. ಗಂಭೀರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬರುವುದು, ಅದರಿಂದ ಸಾಯುವುದು ಎಲ್ಲ ಸೇರಿ ಶೇ. 60ರಷ್ಟು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನವಿದು. ಇಷ್ಟಾದರೂ ಹೋಟೆಲಿನ ಸ್ಟಾಲ್‌ಗಳ ಸಾಲಿನಲ್ಲಿ ಆ ಹಾಳೆಯನ್ನು ಹುಡುಕಿದರೆ ಸಿಗಲಾರದು. ಮೈಸೂರು ಪೇಟದ ಬೆಲೆಯೂ ಇಲ್ಲದ ಸಾಮಾನಿಗೆ ಡಿನ್ನರ್ ಕೊಡಿಸುವವರು ಯಾರು?

ಅವಧಿಗೆ ಮುಂಚೆ ಹುಟ್ಟುವ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನದೂ ಇದೇ ಪಾಡು. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಅದರ ಗುಣವನ್ನು 1972ರಲ್ಲೇ ತೋರಿಸಿದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು ಎಲ್ಲರಿಗೂ ಕೊಡಿ ಎನ್ನುವ ಹೊತ್ತಿಗೆ 1994. ಆ ಚುಚ್ಚುಮದ್ದನ್ನು ಕಂಡಕಂಡಲ್ಲಿ ಕೊಟ್ಟರೂ ಕಷ್ಟವೇ. ಆರು ದೇಶಗಳ ಹಳ್ಳಿಗಾಡಿನಲ್ಲಿ ಹಾಗೆ ವ್ಯಾಪಕವಾಗಿ ಕೊಟ್ಟು ನೋಡಿದ 2015ರ ಅಧ್ಯಯನದಲ್ಲಿ ಶಿಶುಮರಣ ಇಳಿಯುವ ಬದಲು ಏರಿತು. ವಾರಗಳನ್ನು ಸರಿಯಾಗಿ ಲೆಕ್ಕ ಹಾಕಿ, ಮಗುವನ್ನು ನೋಡಿಕೊಳ್ಳಬಲ್ಲ ಆಸ್ಪತ್ರೆಗಳಲ್ಲಿ ಕೊಟ್ಟ 2020ರ ಅಧ್ಯಯನದಲ್ಲಿ ಸಾವು ಇಳಿಯಿತು. ಎರಡರಲ್ಲೂ ಬೆಳಗಾವಿ ಇತ್ತು. ಯಾರಿಗೆ, ಯಾವಾಗ, ಎಲ್ಲಿ ಕೊಡಬೇಕು ಎಂಬ ಈ ಸೂಕ್ಷ್ಮವನ್ನು ತಿಳಿಸುವುದಕ್ಕೇ ಸಿಎಂಇ ಎಂಬುದು ಹುಟ್ಟಿದ್ದು. ಆ ಸ್ಟೀರಾಯ್ಡ್‌ಗಳಲ್ಲೊಂದಾದ ಡೆಕ್ಸಾಮೆಥಸೋನ್ ಒಂದು ಬಾಟಲಿ ಎಷ್ಟಕ್ಕೆ ಸಿಗುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ. ಅದಕ್ಕೆ ಸ್ಟಾಲ್ ಏಕಿಲ್ಲ ಎಂದು ಆಮೇಲೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಬದಲಿಗೆ ಕಲಿತದ್ದೇನು? ಹೆರಿಗೆ ನೋವಿನ ಹೊತ್ತಿಗೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಬರೆಸುವ ಸಿಟಿಜಿ ಯಂತ್ರ. ಅದನ್ನು ಬಿಡದೆ ಹಾಕಿದರೆ ನವಜಾತ ಶಿಶುಗಳ ಫಿಟ್ಸ್ ಅರ್ಧಕ್ಕಿಳಿಯುತ್ತದೆ ನಿಜ. ಸೆರೆಬ್ರಲ್ ಪಾಲ್ಸಿಯಾಗಲಿ ಸಾವಾಗಲಿ ಕಡಿಮೆಯಾಗುವುದಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚುತ್ತದೆ ಎಂದು ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ತೂಗಿದ ಕಾಕ್ರೇನ್ ವರದಿ ಹೇಳುತ್ತದೆ. ಹೆಚ್ಚುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ 47.4. ಕರ್ನಾಟಕದ ಒಟ್ಟು ಲೆಕ್ಕ 31.5. ಹೆಂಗಸಿನ ಸೊಂಟದ ಅಳತೆ ಆಸ್ಪತ್ರೆಯ ಬೋರ್ಡ್ ನೋಡಿ ಬದಲಾಗುತ್ತದೆ ಎಂಬುದು ಪ್ರಸೂತಿಶಾಸ್ತ್ರಕ್ಕೆ ಭಾರತ ಕೊಟ್ಟ ಕೊಡುಗೆ. ಕಾರಣಗಳಂತೂ ಸಿದ್ಧವಿರುತ್ತವೆ. ‘ನೀರು ಕಮ್ಮಿ ಆಗಿದೆ ಅಮ್ಮಾ’, ‘ಕರುಳುಬಳ್ಳಿ ಕೊರಳಿಗೆ ಸುತ್ತಿದೆ, ನಿಮ್ಮಿಷ್ಟ.’ ಬಳ್ಳಿ ಸುತ್ತಿಕೊಂಡೇ ಹುಟ್ಟುವ ಮಕ್ಕಳು ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು, ಬಹುಪಾಲು ಏನೂ ಆಗದೆ ಅತ್ತು ಹಾಲು ಕುಡಿಯುತ್ತವೆ. ಆದರೆ ‘ನಿಮ್ಮಿಷ್ಟ’ ಎಂಬ ಮಾತು ಕೇಳಿದ ಮೇಲೆ ಸಹಿ ಹಾಕದ ಗಂಡನಿನ್ನೂ ಹುಟ್ಟಿಲ್ಲ.

ವ್ಯಂಗ್ಯ ಮಾಡಲಾಗದ ಜಾಗವೂ ಒಂದಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್ಪಿನಲ್ಲಿ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ಅದಾದ ಮೇಲೆ ಸರ್ಕಾರ ರಾಜ್ಯದ ತಾಯಂದಿರ ಸಾವುಗಳನ್ನೆಲ್ಲ ಆಡಿಟ್ ಮಾಡಿಸಿತು. ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ಸಾವು. ಅವುಗಳಲ್ಲಿ ಶೇ. 70ಕ್ಕೂ ಹೆಚ್ಚನ್ನು ತಡೆಯಬಹುದಿತ್ತು. ಅದಕ್ಕೂ ಮೊದಲು, 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ದಕ್ಷಿಣದ ರಾಜ್ಯಗಳಲ್ಲಿ ನಾವೇ ಮುಂದೆ. ಅತಿ ಹೆಚ್ಚು ಮೆಡಿಕಲ್ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲೂ ನಾವು ಮುಂದೆಯೇ ಇದ್ದೇವೆ.

ರಕ್ತ ನಿಲ್ಲದಿದ್ದಾಗ ರಾತ್ರಿ ಎರಡು ಗಂಟೆಗೆ ಬಾಣಂತಿಯ ಪಕ್ಕದಲ್ಲಿ ನಿಂತಿರುವವರು ಲೇಬರ್ ರೂಮಿನ ಸಿಸ್ಟರ್, ಆಯಾ, ಹೆಚ್ಚೆಂದರೆ ಒಬ್ಬ ಡ್ಯೂಟಿ ಡಾಕ್ಟರ್. ಬೆಳಗಾವಿಯ ಸಂಶೋಧನೆಗೆ ಕೈಯಾದವರು ಇಂಥ ಸಿಸ್ಟರ್‌ಗಳೇ. ತಾರಾ ಹೋಟೆಲಿನ ಹಾಲಿನಲ್ಲಿ ಇವರಿಗೊಂದು ಕುರ್ಚಿ ಹಾಕಿದ್ದನ್ನು ಕಂಡವರು ಅಪರೂಪ. ಡೆಲಿಗೇಟ್ ಬ್ಯಾಗಂತೂ ದೂರದ ಮಾತು.

ಆದ್ದರಿಂದ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಒಂದು ಕೋರಿಕೆ. ಆ 30 ಗಂಟೆಯಲ್ಲಿ ಇಪ್ಪತ್ತನ್ನು ಬೇಕಾದರೆ ಹೋಟೆಲಿಗೇ ಬಿಡಿ, ದೀಪ ಆರುವುದು ನಮಗೂ ಬೇಡ. ಪ್ರಸೂತಿ ತಜ್ಞರ ಮಟ್ಟಿಗೆ ಉಳಿದ ಹತ್ತನ್ನು ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿಗೆ, ರಾತ್ರಿ ಪಾಳಿಗೆ ವರ್ಗಾಯಿಸಿ. ಕಲಿಸುವುದು ಅಲ್ಲೇ, ಕಲಿಯುವುದೂ ಅಲ್ಲೇ, ಪಕ್ಕದಲ್ಲಿ ಸಿಸ್ಟರ್‌ಗಳನ್ನು ನಿಲ್ಲಿಸಿಕೊಂಡು. ಸ್ಟಾಲ್ ಬೇಡ, ಬೆಳಗಾವಿಯ ಆ ಪ್ಲಾಸ್ಟಿಕ್ ಹಾಳೆಗಳ ಒಂದು ಕಟ್ಟು ಸಾಕು. ಮತ್ತೆ, ಡಾಕ್ಟರ ಹಾಜರಿಗೆ ಸಹಿ ಹಾಕುವ ಅಧಿಕಾರವನ್ನು ಅಲ್ಲಿನ ಹಿರಿಯ ಸಿಸ್ಟರ್‌ಗೆ ಕೊಡಿ.